ಸಿಪ್ಪೆ ಸಾಬೂನಿನ ಪುಟ್ಟತಾಯಮ್ಮ

ಹಾಸನದ ಸಭಾಂಗಣದಲ್ಲಿ ಪುಟ್ಟತಾಯಮ್ಮನಿಗೆ ಶಾಲು ಹೊದಿಸಿದ ದಿನ ನಾನೂ ಜೊತೆಗೆ ಹೋಗಿದ್ದೆ. ವೇದಿಕೆಯ ಮೇಲಿದ್ದವರು ಒಬ್ಬರಾದ ಮೇಲೊಬ್ಬರು ಎದ್ದು, ಕಸದಿಂದ ರಸ ತೆಗೆದ ಮಹಾತಾಯಿ ಎಂದು ಹೊಗಳಿದರು. ಬಿಸಾಡುವ ಕೋಕೋ ಸಿಪ್ಪೆಯಿಂದ ಸಾಬೂನು ಮಾಡುವುದನ್ನು ಈ ವಯಸ್ಸಿನಲ್ಲಿ ಕಲಿತಿದ್ದೀರಿ, ಇದಕ್ಕೆಲ್ಲ ಪ್ರೇರಣೆ ಏನೆಂದು ಹೇಳಿ ಅಮ್ಮ ಎಂದು ಮೈಕು ಕೈಗೆ ಕೊಟ್ಟರು. “ಸುಮ್ನೆ ಕೂತ್ಕಳಕ್ಕಾಗ್ಲಿಲ್ಲ ಸಾ” ಎಂದಷ್ಟೇ ಹೇಳಿ ಅವಳು ಮೈಕು ವಾಪಸ್ ಕೊಟ್ಟಳು. ಎಂಥ ವಿನಯ ಅಂದುಕೊಂಡು ಜನ ಚಪ್ಪಾಳೆ ತಟ್ಟಿದರು. ನನಗೆ ಮೈಯೆಲ್ಲ ಉರಿಯಿತು. ಪ್ರೇರಣೆಯಂತೆ, ಪ್ರೇರಣೆ! ಆ ಪ್ರೇರಣೆಗೆ ಧನ್ಯಾ ಎಂದು ಹೆಸರಿತ್ತು. ಒಂದನೇ ಕ್ಲಾಸು ಓದುತ್ತಿತ್ತು. ಮುಂದಿನ ಹಲ್ಲು ಬಿದ್ದಿದ್ದರಿಂದ ಯಾರು ಮಾತಾಡಿಸಿದರೂ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿತ್ತು.

ನಾನು ಬಿಂದುಶ್ರೀ, ಊರಿನ ಆಶಾ ಕಾರ್ಯಕರ್ತೆ. ಶಾಂತಿಗ್ರಾಮದಲ್ಲಿ ಬಸ್ಸಿಳಿದು ಒಳದಾರಿ ಹಿಡಿದರೆ ನಮ್ಮೂರು. ಯಾರ ಮನೆಯಲ್ಲಿ ಬಸುರಿ ಇದ್ದಾಳೆ, ಯಾರಿಗೆ ಸಕ್ಕರೆ ಕಾಯಿಲೆ, ಯಾರ ನೀರಿನ ತೊಟ್ಟಿಗೆ ಮುಚ್ಚಳವಿಲ್ಲ, ಎಲ್ಲ ನನಗೆ ಗೊತ್ತು. ಗೊತ್ತಿರುವುದರಿಂದಲೇ ಅರ್ಧ ಊರಿಗೆ ನನ್ನನ್ನು ಕಂಡರೆ ಆಗುವುದಿಲ್ಲ. ಪುಟ್ಟತಾಯಮ್ಮ ವರಸೆಯಲ್ಲಿ ನನ್ನ ಗಂಡನಿಗೆ ದೊಡ್ಡವ್ವ, ಆದ್ದರಿಂದ ನನಗೂ ದೊಡ್ಡವ್ವ. ನಮ್ಮದು ಎದುರುಬದುರು ಮನೆ.

ಅವಳು ಜಿನನಾಥಪುರದ ಕಡೆಯವಳು. ಸೊಸೆಯಾಗಿ ಇಲ್ಲಿಗೆ ಬಂದಾಗ ಈ ಮನೆಗೆ ತೋಟವಿರಲಿಲ್ಲ, ರಾಗಿ ಹೊಲವಿತ್ತು. ಗಂಡ ಇದ್ದಾಗಲೇ ಹೊಲಕ್ಕೆ ತೆಂಗು ಬಂತು. ಗಂಡ ತೀರಿಕೊಂಡ ಮೇಲೆ ಮಗ ದೇವರಾಜು ತೆಂಗಿನ ನೆರಳಿನಲ್ಲಿ ಕೋಕೋ ಹಾಕಿದ. ದೊಡ್ಡವ್ವನ ಬಾಯಿ ಜೋರು, ಕೈ ಧಾರಾಳ. ಬೆಳಿಗ್ಗೆ ನಮ್ಮ ಕೋಳಿ ಅವಳ ಅಂಗಳ ಕೆದರಿತೆಂದು ಏಳು ತಲೆಮಾರು ಎತ್ತಿ ಆಡಿ, ಮಧ್ಯಾಹ್ನ ಬಟ್ಟಲು ತುಂಬ ಬಸ್ಸಾರು ಕಳಿಸುತ್ತಿದ್ದಳು. ಆ ಸಾರು ತಿಂದು ಬೆಳೆದ ಮಕ್ಕಳು ನಮ್ಮ ಬೀದಿಯಲ್ಲಿ ಬೇಕಾದಷ್ಟಿದ್ದಾರೆ.

ಅವರ ಮನೆಯದೊಂದು ನೇಮವಿತ್ತು. ಕಣದಲ್ಲಿ ಬಾಯಿರುವ ಯಾವ ಸಾಮಾನನ್ನೂ ಬೋರಲು ಹಾಕಬಾರದು. ಮಕ್ಕರಿಯಾಗಲಿ, ರಾಗಿ ಅಳೆಯುವ ಕೊಳಗವಾಗಲಿ, ನೀರಿನ ಚೊಂಬಾಗಲಿ, ಫಸಲು ಮನೆ ಸೇರುವ ತನಕ ಬಾಯಿ ಮೇಲಾಗಿಯೇ ಇರಬೇಕು. ಬೋರಲು ಹಾಕುವುದು ಸಾವಿನ ಮನೆಯವರು. ಕಣ ಹೋಯಿತು, ರಾಗಿಯೂ ಹೋಯಿತು, ನೇಮ ಮಾತ್ರ ದೊಡ್ಡವ್ವನ ಜೊತೆ ಕೋಕೋ ತೋಟಕ್ಕೆ ಬಂತು. ಕಾಯಿ ಕೊಯ್ದ ದಿನ ಹೆಂಗಸರು ತೆಂಗಿನ ಬುಡದಲ್ಲಿ ಸುತ್ತ ಕೂತು, ಮರದ ಕೊಡತಿಯಿಂದ ಕಾಯಿ ಒಡೆದು, ಬಿಳಿ ಲೋಳೆ ಮೆತ್ತಿದ ಬೀಜವನ್ನು ಬೆರಳಿನಲ್ಲಿ ಬಾಚಿ ಬಕೆಟ್ಟಿಗೆ ಹಾಕುತ್ತಾರೆ. ಹೊಳೆನರಸೀಪುರದಿಂದ ಗಾಡಿ ಬಂದು ಹಸಿ ಬೀಜ ತೂಗಿಸಿಕೊಂಡು ಹೋಗುತ್ತದೆ. ಉಳಿಯುವುದು ಸಿಪ್ಪೆ. ಬೀಜಕ್ಕಿಂತ ಅದರದೇ ರಾಶಿ ದೊಡ್ಡದು. ಹೆಬ್ಬೆರಳ ದಪ್ಪದ ಆ ಹೋಳುಗಳು ನೋಡಲು ಬಟ್ಟಲಿನ ಹಾಗೇ ಇರುತ್ತವೆ. ಕೊಳೆತು ಗೊಬ್ಬರವಾಗಲಿ ಎಂದು ಎಲ್ಲರೂ ಮರದ ಬುಡಕ್ಕೆ ಎಸೆಯುತ್ತಿದ್ದರು. ದೊಡ್ಡವ್ವನ ತೋಟದಲ್ಲಿ ಎಸೆಯುವ ಹಾಗಿರಲಿಲ್ಲ, ಬಾಯಿ ಮೇಲೆ ಮಾಡಿ ಇಡಬೇಕಿತ್ತು. ಕೂಲಿಗೆ ಬರುವ ಮಾರಮ್ಮ ಮರೆತು ಎಸೆದಳೋ, ಆಚೆ ತೋಟಕ್ಕೆ ಕೇಳುವಷ್ಟು ಬೈಗುಳ ತಿನ್ನುತ್ತಿದ್ದಳು.

ದೇವರಾಜು ಡೈರಿಯ ಹಾಲಿನ ಗಾಡಿ ಓಡಿಸುತ್ತಾನೆ. ಅವನ ಹೆಂಡತಿ ಅನುಶ್ರೀ ಆಗ ಹಾಸನದ ಕಡೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದಳು. ಹಾಗಾಗಿ ಧನ್ಯಾ ಬೆಳೆದದ್ದು ಅಜ್ಜಿಯ ಸೆರಗು ಹಿಡಿದು. ಶಾಲೆ ಬಿಟ್ಟರೆ ತೋಟ. ಕೋಕೋ ಲೋಳೆ ಚೀಪಿ ಚೀಪಿ ಲಂಗವೆಲ್ಲ ಅಂಟು ಮಾಡಿಕೊಂಡು ಬರುತ್ತಿತ್ತು. ಅನುಶ್ರೀ ರೇಗುತ್ತಿದ್ದಳು, ದೊಡ್ಡವ್ವ ಮೊಮ್ಮಗಳ ಪಕ್ಷ ವಹಿಸುತ್ತಿದ್ದಳು. ಅತ್ತೆ ಸೊಸೆ ಜಗಳವಾಡುತ್ತಿದ್ದುದು ಅದೊಂದಕ್ಕೇ.

ಆ ವರ್ಷ ಕೊಯ್ಲೂ ಮಳೆಯೂ ಒಟ್ಟೊಟ್ಟಿಗೆ ಬಂದವು. ಮಗುವಿಗೆ ಜ್ವರ ಬಂತು. ನಾನು ನೋಡಿದವಳೇ ಹಾಸನಕ್ಕೆ ಕರೆದುಕೊಂಡು ಹೋಗಿ ಎಂದೆ. ಹೋದರು. ಡೆಂಗಿ ಎಂದು ಗೊತ್ತಾಯಿತು. ಮೂರ್ನಾಲ್ಕು ದಿನಕ್ಕೆ ಜ್ವರ ಬಿಟ್ಟಿತು, ಮಗು ಇಡ್ಲಿ ಕೇಳಿತು ಎಂದು ದೇವರಾಜು ಫೋನಿನಲ್ಲಿ ಹೇಳಿದಾಗ ದೊಡ್ಡವ್ವ ದೇವರ ಮುಂದೆ ದೀಪ ಹಚ್ಚಿದಳು. ಡೆಂಗಿಯಲ್ಲಿ ಜ್ವರ ಬಿಟ್ಟ ಮೇಲೆಯೇ ಹೆದರಬೇಕು. ಅದು ನನಗೆ ಗೊತ್ತಿತ್ತು, ಡಾಕ್ಟರಿಗೂ ಗೊತ್ತಿತ್ತು, ಅವರು ಮಾಡಬೇಕಾದ್ದನ್ನೆಲ್ಲ ಮಾಡಿದರು. ಆದರೂ ಮಗು ಉಳಿಯಲಿಲ್ಲ. ಕೆಲವು ಸಲ ಹಾಗಾಗುತ್ತದೆ ಅಂದರಂತೆ. ಇದಕ್ಕಿಂತ ನಿಜವಾದ ಮಾತೂ ಇಲ್ಲ, ಇದಕ್ಕಿಂತ ಕೆಲಸಕ್ಕೆ ಬಾರದ ಮಾತೂ ಇಲ್ಲ.

ಡೆಂಗಿ ಸಾವಾದ ಮನೆಯಲ್ಲಿ ನಿಂತ ನೀರು ಎಲ್ಲಿದೆ ಎಂದು ಹುಡುಕುವುದು ನನ್ನ ಕೆಲಸ. ಅಳುವವರ ನಡುವೆ ಹಂಡೆ, ಡ್ರಮ್ಮು ಇಣುಕಿ ನೋಡಬೇಕು. ಆ ಮನೆಯಲ್ಲಿ ಏನೂ ಸಿಗಲಿಲ್ಲ. ದೊಡ್ಡವ್ವನ ಮನೆಯಷ್ಟು ಚೊಕ್ಕಟ ಮನೆ ಊರಿನಲ್ಲಿ ಇನ್ನೊಂದಿಲ್ಲ. ತೋಟಕ್ಕೆ ಹೋದೆ. ತೆಂಗಿನ ಬುಡಬುಡದಲ್ಲೂ ಸಿಪ್ಪೆಯ ಹೋಳುಗಳು ಸಾಲಾಗಿ, ಬಾಯಿ ಮೇಲಾಗಿ ಇದ್ದವು. ಪ್ರತಿಯೊಂದರಲ್ಲೂ ಒಂದು ಬೊಗಸೆ ಕಂದು ನೀರು. ನೀರಿನಲ್ಲಿ ಸೊಳ್ಳೆಮರಿಗಳು ಪುಳಪುಳ ಎನ್ನುತ್ತಿದ್ದವು. ದೊಡ್ಡವ್ವ ನನ್ನ ಹಿಂದೆಯೇ ಬಂದು ನಿಂತಿದ್ದಳು. ಅದೇನೆಂದು ಕೇಳಿದಳು, ನಾನು ಹೇಳಿದೆ.

ಅವಳು ಬಗ್ಗಿ ಒಂದು ಹೋಳನ್ನು ಎತ್ತಿ ನೀರು ಚೆಲ್ಲಿ, ಮೆಲ್ಲಗೆ, “ದಿನಾ ಸಂಜೆ ಅವ್ಳೇ ಬಂದು ನೋಡೋಳು ಕಣವ್ವ. ಬೋರ್ಲು ಬಿದ್ದಿರವ್ನೆಲ್ಲಾ ಎತ್ತಿ ಸರಿಯಾಗಿ ಮಡಗೋಳು. ಅಜ್ಜಿ, ಒಂದೂ ಬೋರ್ಲಿಲ್ಲ ಅನ್ನೋಳು. ನಾನೇ ಕಲ್ಸಿದ್ದು” ಅಂದಳು.

ನಾನು ಏನೇನೋ ಹೇಳಿದೆ. ಯಾವ ಸಿಪ್ಪೆಯ ಸೊಳ್ಳೆ ಯಾರನ್ನು ಕಚ್ಚಿತೆಂದು ಯಾವ ಡಾಕ್ಟರೂ ಹೇಳಲಾರ, ಎಸೆದ ಸಿಪ್ಪೆಯಲ್ಲೂ ನೀರು ನಿಲ್ಲುತ್ತದೆ, ಪಕ್ಕದ ಕೆಂಚಯ್ಯನ ತೋಟದಲ್ಲೂ ಇವೇ ಹುಳ ಇವೆ ಎಂದೆ. ಎಲ್ಲವೂ ನಿಜವೇ. ಅವಳಿಗೆ ಅದು ಬೇಕಿರಲಿಲ್ಲ. ಅನುಶ್ರೀಗೆ ಈ ವಿಷಯ ತಾನೇ ಹೇಳುತ್ತೇನೆ, ನೀನು ಬಾಯಿ ಬಿಡಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡಳು. ಹೇಳಲಿಲ್ಲ. ಹಾಲು ತುಪ್ಪದ ಕಾರ್ಯ ಮುಗಿದ ಮೇಲೆ ಅನುಶ್ರೀ ಅರಕಲಗೂಡಿನ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಆ ತೋಟದ ದಾರಿಯನ್ನು ನೋಡಲಾರೆ ಎಂದು ಗಂಡನಿಗೆ ಹೇಳಿದಳಂತೆ. ದೇವರಾಜು ವಾರಕ್ಕೊಮ್ಮೆ ಅಲ್ಲಿಗೆ ಹೋಗಿಬರತೊಡಗಿದ. ಅಲ್ಲಿಯೇ ಒಂದು ಗಂಡುಮಗುವಾಯಿತು.

ಮಗು ನೋಡಲು ಬಾ ಎಂದು ದೇವರಾಜು ತಾಯಿಯನ್ನು ಎಷ್ಟು ಸಲ ಕರೆದನೋ. ಅವಳು ಹೋಗಲಿಲ್ಲ. ಊರಿನವರು ಅತ್ತೆ ಸೊಸೆಗೆ ಆಗುವುದಿಲ್ಲ ಎಂದು ಮಾತಾಡಿಕೊಂಡರು. ನನ್ನೊಬ್ಬಳಿಗೆ ಮಾತ್ರ ಅವಳು ಹೇಳಿದ್ದಳು. ಸೊಸೆಗೆ ನಿಜ ಹೇಳದೆ ಆ ಮಗುವನ್ನು ಮುಟ್ಟಲಾರಳು. ಹೇಳಬೇಕೆಂದರೆ, ಇನ್ನು ಹಾಗಾಗುವುದಿಲ್ಲ, ಊರು ಶುದ್ಧವಾಗಿದೆ, ಮಗನನ್ನು ಕರೆದುಕೊಂಡು ಬಾ ಎಂದೂ ಜೊತೆಗೇ ಹೇಳುವಂತಿರಬೇಕು. ಮೊಮ್ಮಗ ಈ ಹೊಸಿಲು ದಾಟಿ ಬರಬೇಕು. ಅವಳಿಗೆ ಬೇಕಾಗಿದ್ದದ್ದು ಅದೊಂದೇ.

ತನ್ನ ತೋಟದ ಸಿಪ್ಪೆಯನ್ನು ಅವಳು ಮೊದಲೇ ಎತ್ತಿಸಿ ಸುಡಿಸಿದ್ದಳು. ಆದರೆ ಸೊಳ್ಳೆಗೆ ಬೇಲಿ ಗೊತ್ತೇ? ಊರಿನ ಒಬ್ಬೊಬ್ಬರ ತೋಟಕ್ಕೂ ಹೋಗಿ ಸಿಪ್ಪೆ ಎತ್ತಿಸಿ ಎಂದು ಬೇಡಿಕೊಂಡಳು. ಸಿಪ್ಪೆ ಆರಿಸುತ್ತ ಕೂತರೆ ಬೀಜ ಆರಿಸುವವರು ಯಾರು ಎಂದು ಕೆಂಚಯ್ಯ ನಕ್ಕ. ನಾನಂತೂ ವರ್ಷವರ್ಷವೂ ಕರಪತ್ರ ಹಂಚಿದವಳು. ಅದರಲ್ಲಿ ಬೋಂಡ ಕಟ್ಟಿಕೊಂಡು ತಿಂದ ಊರು ನಮ್ಮದು. ಹೆದರಿಸಿದರೆ ಕೇಳುವವರಲ್ಲ ಇವರು, ಏನಾದರೂ ಸಿಗುತ್ತದೆ ಎಂದರೆ ಮಾತ್ರ ಬಗ್ಗುತ್ತಾರೆ ದೊಡ್ಡವ್ವ ಎಂದು ಒಂದು ದಿನ ರೇಗಿ ಅಂದೆ. ಅವಳು ಆ ಮಾತನ್ನು ಹಿಡಿದುಕೊಂಡಳು.

ಚನ್ನರಾಯಪಟ್ಟಣದಲ್ಲಿ ಹೆಂಗಸರ ಸಂಘಗಳಿಗೆ ಒಂದು ತರಬೇತಿ ಇತ್ತು, ಕರೆದುಕೊಂಡು ಹೋದೆ. ಕೋಕೋ ಸಿಪ್ಪೆಯಿಂದ ಗೊಬ್ಬರ ಮಾಡಬಹುದು, ಹದ ನೋಡಿ ದನದ ಮೇವಿಗೆ ಬೆರೆಸಬಹುದು, ಸುಟ್ಟ ಬೂದಿಯಿಂದ ಸಾಬೂನು ತೆಗೆಯಬಹುದು ಎಂದು ತೋರಿಸಿದರು. ಉಳಿದ ಹೆಂಗಸರು ಯಾವುದರಲ್ಲಿ ಲಾಭ ಹೆಚ್ಚು ಎಂದು ಕೇಳಿದರು. ದೊಡ್ಡವ್ವ ಕೇಳಿದ್ದು, ಯಾವುದಕ್ಕೆ ಸಿಪ್ಪೆ ಹೆಚ್ಚು ಬೇಕಾಗುತ್ತದೆ ಎಂದು. ಕಲಿಸುವವರಿಗೆ ನಗು ಬಂತು. ರಾಶಿ ಸುಟ್ಟರೆ ಹಿಡಿ ಬೂದಿ ಸಿಗುತ್ತದೆ, ಸಾಬೂನಿಗೇ ಹೆಚ್ಚು ಅಂದರು.

“ಅಂಗಾದ್ರೆ ನಂಗೆ ಅದೇ ಇರ್ಲಿ” ಅಂದಳು.

ಕಲಿಯುವುದು ಸುಲಭವಾಗಲಿಲ್ಲ. ಸಿಪ್ಪೆ ಕೊಚ್ಚಿ ಒಣಗಿಸಿ, ಹಳೆಯ ಡ್ರಮ್ಮಿನಲ್ಲಿ ಬೆಳ್ಳಗೆ ಬೂದಿಯಾಗುವ ತನಕ ಸುಡಬೇಕು. ಬೂದಿಯನ್ನು ಬಟ್ಟೆಗೆ ಕಟ್ಟಿ, ಮೇಲಿನಿಂದ ನೀರು ಬಿಟ್ಟು, ಕೆಳಗೆ ತೊಟ್ಟಿಕ್ಕುವ ಕ್ಷಾರದ ನೀರನ್ನು ಕೊಬ್ಬರಿ ಎಣ್ಣೆಯ ಜೊತೆ ಕುದಿಸಿ ತಿರುವುತ್ತಲೇ ಇರಬೇಕು. ಮೊದಲ ಸಲದ್ದು ಕೈ ಸುಟ್ಟಿತು. ಮುಂದಿನದು ಎಣ್ಣೆ ಬೇರೆ ನೀರು ಬೇರೆಯಾಗಿ ನಿಂತಿತು. ಅಂತೂ ಒಂದು ದಿನ ಬೆಲ್ಲದ ಬಣ್ಣದ, ಮೆತ್ತನೆಯ ಸಾಬೂನು ಬಂತು. ಪಾತ್ರೆಗೂ ಬಟ್ಟೆಗೂ ಚೆನ್ನಾಗಿತ್ತು. ಅವಳು ಅದನ್ನು ಮಾರಲಿಲ್ಲ. ಒಂದು ಮಕ್ಕರಿ ಸಿಪ್ಪೆ ತಂದವರಿಗೆ ಒಂದು ಉಂಡೆ ಸಾಬೂನು ಎಂದು ಊರಿಗೆಲ್ಲ ಹೇಳಿಸಿದಳು.

ಜನ ತಂದರು. ತೋಟಗಳು ಚೊಕ್ಕಟವಾದವು. ಮಾರಮ್ಮ, ನಮ್ಮ ಬೀದಿಯ ದೊಡ್ಡತಾಯಮ್ಮ, ಇನ್ನೂ ಕೆಲವು ಹೆಂಗಸರು ಸೇರಿ ಸಂಘ ಮಾಡಿಕೊಂಡು, ಮಿಕ್ಕ ಸಾಬೂನನ್ನು ಡಬ್ಬಿಯಲ್ಲಿ ತುಂಬಿ ಚನ್ನರಾಯಪಟ್ಟಣದ ಅಂಗಡಿಗಳಿಗೆ ಕೊಟ್ಟರು. ಮೊಮ್ಮಗಳ ಹೆಸರಿಡೋಣ ಎಂದು ಯಾರೋ ಅಂದಾಗ ದೊಡ್ಡವ್ವ ಎದ್ದು ಒಳಗೆ ಹೋದಳು. ಆಮೇಲೆ ಯಾರೂ ಆ ಮಾತೆತ್ತಲಿಲ್ಲ. ಹಾಸನದವರ ಕಣ್ಣಿಗೆ ಬಿದ್ದದ್ದು, ಶಾಲು ಹೊದಿಸಿದ್ದು ಇದಾದ ಮೇಲೆ.

ಆ ಸಭೆಯ ವಿಡಿಯೋ ಅರಕಲಗೂಡಿನ ತನಕ ಹೋಯಿತು. ಅನುಶ್ರೀ ತಾನಾಗಿಯೇ ಅತ್ತೆಗೆ ಫೋನ್ ಮಾಡಿದಳು. ಮಗನಿಗೆ ವರ್ಷ ತುಂಬುವ ದಿನ ಕರೆದುಕೊಂಡು ಬರುತ್ತೇನೆ, ಒಂದೆರಡು ತಿಂಗಳು ಇದ್ದು ನೋಡುತ್ತೇನೆ ಎಂದಳಂತೆ. ದೊಡ್ಡವ್ವ ಚಪ್ಪಲಿ ಕೂಡ ಮೆಟ್ಟದೆ ನಮ್ಮ ಮನೆಗೆ ಓಡಿಬಂದಳು. ಹೇಳುತ್ತ ನಕ್ಕಳು, ನಗುತ್ತ ಅತ್ತಳು. ಗೋಡೆಗೆ ಸುಣ್ಣ ಹೊಡೆಸಿದಳು. ಮಗು ತೆವಳಿಕೊಂಡು ಹೋಗಬಹುದೆಂದು ಅಡುಗೆಮನೆಯ ಬಾಗಿಲಿಗೆ ಹಲಗೆ ಅಡ್ಡ ಹೊಡೆಸಿದಳು. ಬಂದ ದಿನವೇ ಸೊಸೆಯನ್ನು ಕೂರಿಸಿಕೊಂಡು ಎಲ್ಲ ಹೇಳಿಬಿಡುತ್ತೇನೆ ಎಂದು ನನಗೆ ಹೇಳಿದಳು. ಅಷ್ಟು ಹಗುರಾಗಿ ಅವಳು ಓಡಾಡಿದ್ದನ್ನು ಆ ಸಾವಿನ ನಂತರ ನಾನು ನೋಡಿರಲಿಲ್ಲ.

ಆಗಲೇ ಮಳೆ ಹಿಡಿಯಿತು. ನಾನು ಎಂದಿನಂತೆ ಮನೆಮನೆಯ ಲಾರ್ವಾ ಸರ್ವೆಗೆ ಹೊರಟೆ. ಕೆಂಚಯ್ಯನ ಕೊಟ್ಟಿಗೆಯ ಹಿಂದೆ ಕಾಲಿಟ್ಟವಳು ನಿಂತುಬಿಟ್ಟೆ. ಸಿಪ್ಪೆಯ ರಾಶಿ ನನ್ನ ಎದೆಯೆತ್ತರ ಇತ್ತು. ಮೇಲೆ ಹರಕು ಟಾರ್ಪಾಲು, ಅದರ ಮಡಿಕೆ ಮಡಿಕೆಯಲ್ಲೂ ನೀರು, ನೀರಿನ ತುಂಬ ಹುಳ. ಇದೇನು ಕೆಂಚಯ್ಯಣ್ಣ ಎಂದರೆ, ಪುಟ್ಟತಾಯಕ್ಕನ ಡ್ರಮ್ಮು ಮಳೆಗೆ ಉರಿಯುತ್ತಿಲ್ಲ, ಬಿಸಿಲು ಬಂದ ಮೇಲೆ ಕೊಡೋಣ ಎಂದು ಕೂಡಿಟ್ಟಿದ್ದೇನೆ ಅಂದ. ಅವನೊಬ್ಬನೇ ಅಲ್ಲ. ಹಿತ್ತಿಲು, ಬಚ್ಚಲ ಪಕ್ಕ, ಜಗಲಿಯ ಕೆಳಗೆ, ಎಲ್ಲರ ಮನೆಯಲ್ಲೂ ರಾಶಿ. ಮೊದಲು ತೋಟದಲ್ಲಿ ಬಿದ್ದಿರುತ್ತಿದ್ದದ್ದು ಈಗ ಮಕ್ಕಳು ಮಲಗುವ ಗೋಡೆಯ ಪಕ್ಕಕ್ಕೆ ಬಂದಿತ್ತು. ಬೆಲೆ ಬಂದ ಮೇಲೆ ಯಾರು ಬಿಸಾಡುತ್ತಾರೆ? ದಾರಿಯುದ್ದಕ್ಕೂ ನನಗೆ ಅಳು ಬಂತು. ಊರಿನ ಮೇಲೆ ಸಿಟ್ಟು ಬಂತು. ಇದನ್ನು ಮುಂಚೆಯೇ ಯಾರೂ ಯೋಚಿಸಲಿಲ್ಲವಲ್ಲ ಎಂದು ಎಲ್ಲರ ಮೇಲೂ ಸಿಟ್ಟು ಬಂತು.

ದೊಡ್ಡವ್ವ ಮೊಮ್ಮಗನಿಗೆಂದು ರಾಗಿ ಸರಿಗೆ ರಾಗಿ ಮೊಳಕೆ ಕಟ್ಟುತ್ತಿದ್ದಳು. ಹೇಳಿದೆ. ಕೈ ನಿಲ್ಲಿಸಿ ನನ್ನ ಮುಖ ನೋಡಿದಳು.

“ಎಲ್ಲಾ ನಂಗೇಂತಲೇ ಮಡಗವ್ರೆ, ಅಲ್ವೇನವ್ವ?”

ಹೌದು ಎಂದೆ. ಅನುಶ್ರೀ ಬರಲು ಇನ್ನು ನಾಲ್ಕು ದಿನವೂ ಇರಲಿಲ್ಲ. ಅಷ್ಟರಲ್ಲಿ ಎಲ್ಲ ರಾಶಿ ತೆಗೆಸಿಬಿಡೋಣ, ಹೊಗೆ ಹಾಕಿಸುತ್ತೇನೆ, ಪಂಚಾಯ್ತಿಗೆ ಹೇಳುತ್ತೇನೆ ಎಂದು ನಾನು ಒದರುತ್ತಲೇ ಇದ್ದೆ. ಅವಳು ಕೈ ಒರೆಸಿಕೊಂಡು ಫೋನ್ ತೆಗೆದಳು. ಕಿವಿ ಮಂದವಾದ್ದರಿಂದ ಅವಳ ಫೋನು ಯಾವಾಗಲೂ ಜೋರಾಗಿಯೇ ಇರುತ್ತದೆ, ಆ ಕಡೆಯ ಮಾತೆಲ್ಲ ನನಗೂ ಕೇಳುತ್ತಿತ್ತು. ಅನುಶ್ರೀ ಸಂತೋಷದಲ್ಲಿದ್ದಳು. ಬಸ್ಸಿಗೆ ಬರುವುದೋ ಕಾರಿಗೆ ಬರುವುದೋ ಎಂದು ಏನೋ ಹೇಳಲು ಹೊರಟಿದ್ದಳು.

“ಬರ್ಬ್ಯಾಡ ಕಣವ್ವ” ಅಂದಳು ದೊಡ್ಡವ್ವ. “ಮಗೀನ ಕರ್ಕಂಡು ಈ ಊರ್ಗೆ ಬರ್ಬ್ಯಾಡ.”

ಆಮೇಲೆ ಎಲ್ಲವನ್ನೂ ಹೇಳಿದಳು. ಸಾಬೂನಿಗಾಗಿ ಕೂಡಿಟ್ಟ ರಾಶಿಗಳನ್ನು, ಅಂದು ತೋಟದಲ್ಲಿ ನಾನು ಕಂಡದ್ದನ್ನು, ಕಣದ ನೇಮವನ್ನು, ಆ ನೇಮವನ್ನು ತಾನು ಮಗುವಿಗೆ ಕಲಿಸಿದ್ದನ್ನು, ಮಗು ಪ್ರತಿ ಸಂಜೆ ಸಿಪ್ಪೆ ಎತ್ತಿ ಎತ್ತಿ ಇಟ್ಟದ್ದನ್ನು. ಅಳಲಿಲ್ಲ. ತನ್ನನ್ನು ಕ್ಷಮಿಸು ಎಂದೂ ಕೇಳಲಿಲ್ಲ. ಆ ಕಡೆ ಮಗು ಏನೋ ತೊದಲುವುದು ಕೇಳಿಸುತ್ತಿತ್ತು. ದೊಡ್ಡವ್ವ ಆ ಮಗುವಿನ ದನಿ ಕೇಳಿದ್ದು ಅದೇ ಮೊದಲು. ಫೋನಿಗೆ ಕಿವಿ ಒತ್ತಿ ಹಿಡಿದಳು. ಅಷ್ಟರಲ್ಲಿ ಆ ಕಡೆಯಿಂದ ಕರೆ ಕಟ್ಟಾಯಿತು.

ಮಾರನೆಯ ಬೆಳಿಗ್ಗೆಯಿಂದ ಅವಳು ನೇಮ ಬದಲಿಸಿದಳು. ಕೊಯ್ದ ದಿನವೇ ನೀರು ನಿಲ್ಲದ ಹಾಗೆ ಕೊಚ್ಚಿ ತಂದ ಸಿಪ್ಪೆಗೆ ಮಾತ್ರ ಸಾಬೂನು, ಕೂಡಿಟ್ಟದ್ದಕ್ಕೆ ಇಲ್ಲ. ಊರಿನಲ್ಲಿ ರಂಪವಾಯಿತು. ಬೇಕಾದಾಗ ಬಾ ಅಂತೀರಿ, ಬೇಡವಾದಾಗ ಹೋಗು ಅಂತೀರಿ ಎಂದು ಕೆಂಚಯ್ಯ ಬೀದಿಯಲ್ಲಿ ನಿಂತು ಕೂಗಾಡಿದ. ಬೇರೆ ದಿನವಾಗಿದ್ದರೆ ಅವನ ಮೇಲೆ ಹರಿಹಾಯುತ್ತಿದ್ದ ದೊಡ್ಡವ್ವ ಎದುರಾಡದೆ ಮಕ್ಕರಿ ಹಿಡಿದು ಅವನ ಕೊಟ್ಟಿಗೆಯ ಹಿಂದಕ್ಕೆ ಹೋಗಿ ಕೂತಳು. ಅವಳು ಬೈಯದೆ ಇದ್ದದ್ದೇ ಅವನಿಗೆ ಹೆದರಿಕೆಯಾಯಿತೋ ಏನೋ, ಸ್ವಲ್ಪ ಹೊತ್ತಿಗೆ ಅವನೂ ಬಂದು ರಾಶಿ ಎಳೆಯತೊಡಗಿದ. ನಾನು, ಮಾರಮ್ಮ, ದೊಡ್ಡವ್ವ ಮನೆಯಿಂದ ಮನೆಗೆ ಹೋಗಿ, ರಾಶಿ ಕೊಚ್ಚಿ ಗುಂಡಿಗೆ ತುಂಬಿ ಮಣ್ಣು ಮುಚ್ಚಿದೆವು.

ಮಗುವಿಗೆ ವರ್ಷ ತುಂಬುವ ದಿನ ಬಂತು. ನಾವು ದೊಡ್ಡತಾಯಮ್ಮನ ಹಿತ್ತಿಲಿನಲ್ಲಿ ಸಿಪ್ಪೆ ಕೊಚ್ಚುತ್ತಿದ್ದೆವು. ಅನುಶ್ರೀ ಬಂದಳು. ಒಬ್ಬಳೇ ಬಂದಿದ್ದಳು, ಕಂಕುಳಲ್ಲಿ ಮಗುವಿರಲಿಲ್ಲ. ಯಾರನ್ನೂ ಮಾತಾಡಿಸದೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಾರಮ್ಮನ ಪಕ್ಕದಲ್ಲಿದ್ದ ಕತ್ತಿ ತೆಗೆದುಕೊಂಡು, ಅತ್ತೆಯ ಎದುರಿಗೆ ಕೂತಳು. ಸಿಪ್ಪೆ ಎಳೆದುಕೊಂಡು ಕೊಚ್ಚತೊಡಗಿದಳು. ದೊಡ್ಡವ್ವ ತಲೆಯೆತ್ತಲಿಲ್ಲ.

“ಒಂದಿನ ನನ್ನೂ ಕರ್ಕಂಡೋಗಿ ತೋರ್ಸಿದ್ಲು ಅತ್ತೆ” ಅಂದಳು ಅನುಶ್ರೀ, ಕೈ ನಿಲ್ಲಿಸದೆ. “ನೀರು ತುಂಬ್ಕಂಡು ಮಿಣಮಿಣ ಅಂತಿದ್ವು. ಎಷ್ಟು ಚೆನ್ನಾಗಿ ಜೋಡ್ಸಿದೀಯ ಮಗಳೇ ಅಂತ ನಾನೂ ಅಂದಿದ್ದೆ.”

ದೊಡ್ಡವ್ವನ ಬಾಯಿಂದ ಒಂದು ದನಿ ಬಂತು. ಅದನ್ನು ಅಳು ಎನ್ನಬೇಕೋ ಏನೆನ್ನಬೇಕೋ ನನಗೆ ತಿಳಿಯಲಿಲ್ಲ. ಅನುಶ್ರೀ ಕತ್ತಿ ಕೆಳಗಿಟ್ಟು, ಕೈ ಚಾಚಿ ಅತ್ತೆಯ ಮೊಣಕಾಲ ಮೇಲೆ ಇಟ್ಟಳು. ಹಾಗೇ ಸ್ವಲ್ಪ ಹೊತ್ತು ಇದ್ದು ಮತ್ತೆ ಕತ್ತಿ ತೆಗೆದುಕೊಂಡಳು. ಮಾರಮ್ಮ ಎದ್ದು ನೀರು ತರುವ ನೆಪದಲ್ಲಿ ಆಚೆ ಹೋದಳು. ಸಂಜೆಯ ತನಕ ಆ ಹಿತ್ತಿಲಿನ ಕೆಲಸ ಮುಗಿಸಿದೆವು.

ಬಸ್ಸಿಗೆ ಬಿಡಲು ನಾನೂ ದೊಡ್ಡವ್ವನೂ ಶಾಂತಿಗ್ರಾಮದ ತನಕ ನಡೆದೆವು. ರಾಶಿಗಳೆಲ್ಲ ಹೋದವು, ಇನ್ನು ಹಾಗಾಗದಂತೆ ನೋಡಿಕೊಳ್ಳುತ್ತೇನೆ ಎಂದು ದೊಡ್ಡವ್ವ ದಾರಿಯುದ್ದಕ್ಕೂ ಹೇಳುತ್ತ ಬಂದಳು. ಅನುಶ್ರೀ ಹೂಂಗುಟ್ಟುತ್ತ ಬಂದಳು. ಹೆದ್ದಾರಿ ಪಕ್ಕ ನಿಂತ ಮೇಲೆ ದೊಡ್ಡವ್ವ ಕೇಳಿಯೇಬಿಟ್ಟಳು, ಮಗುವನ್ನು ಯಾವಾಗ ಕರೆದುಕೊಂಡು ಬರುತ್ತೀಯ ಎಂದು.

“ಕೊಯ್ಲಿದ್ದಾಗೆಲ್ಲ ನಾನು ಬತ್ತೀನಿ ಅತ್ತೆ. ಕ್ಯಾಮೆ ಮಾಡ್ಕೊಡ್ತೀನಿ. ಅವನ್ನ ಮಾತ್ರ ಈ ಊರ್ಗೆ ತರಲ್ಲ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಎಂದಾದರೂ ಇಳಿದೀತು ಎಂದುಕೊಳ್ಳಬಹುದಿತ್ತು. ದೊಡ್ಡವ್ವ ತಲೆಯಾಡಿಸಿದಳು. ಅರಕಲಗೂಡಿಗೆ ಹೋಗಲು ಹಾಸನದಲ್ಲಿ ಬಸ್ಸು ಬದಲಿಸಬೇಕು. ಹಾಸನದ ಬಸ್ಸು ದೂರದಲ್ಲಿ ಕಾಣಿಸಿತು. ಆಗ ಅವಳು ಸೊಸೆಯ ಮುಖ ನೋಡದೆ, “ನಾನೇ ಒಂದ್ಸಲ ಅಲ್ಲಿಗ್ ಬಂದು ನೋಡ್ಲೇನವ್ವ?” ಅಂದಳು. ಈ ಹೆಂಗಸು ತನ್ನ ಜೀವಮಾನದಲ್ಲಿ ಯಾರನ್ನೂ ಅಷ್ಟು ಸಣ್ಣ ದನಿಯಲ್ಲಿ ಏನನ್ನೂ ಕೇಳಿರಲಿಲ್ಲ.

ಅನುಶ್ರೀ ಬಸ್ಸಿಗೆ ಕೈ ಅಡ್ಡ ಹಿಡಿದಳು. “ಈಗ್ಲೇ ಬ್ಯಾಡ ಅತ್ತೆ. ಯಾವಾಗ ಅಂತ ನಾನೇ ಯೋಳ್ತೀನಿ.”

“ಆಯ್ತು ಕಣವ್ವ” ಅಂದಳು ದೊಡ್ಡವ್ವ.

ಅಂದಿನಿಂದ ಅನುಶ್ರೀ ಹೇಳಿದ ಹಾಗೆ ಪ್ರತಿ ಕೊಯ್ಲಿಗೂ ಬರುತ್ತಾಳೆ. ಅತ್ತೆಯ ಎದುರಿಗೆ ಕೂತು ಕಾಯಿ ಒಡೆಯುತ್ತಾಳೆ, ಸಿಪ್ಪೆ ಕೊಚ್ಚುತ್ತಾಳೆ, ಒಟ್ಟಿಗೆ ಉಣ್ಣುತ್ತಾಳೆ. ಮಗ ಮಾತಾಡುತ್ತಾನೆ, ಅಂಗನವಾಡಿಗೆ ಹೋಗುತ್ತಾನೆ ಎಂದು ಕೇಳದೆಯೇ ಹೇಳುತ್ತಾಳೆ. ದೊಡ್ಡವ್ವ ಕೆಲಸ ನಿಲ್ಲಿಸಿ ಕೇಳಿಸಿಕೊಳ್ಳುತ್ತಾಳೆ. ಬನ್ನಿ ಎಂದು ಅನುಶ್ರೀ ಇನ್ನೂ ಹೇಳಿಲ್ಲ. ದೊಡ್ಡವ್ವ ಮತ್ತೆ ಕೇಳಿಲ್ಲ.